ಫೋನ್ ಯಾರದು ಎಂದರೆ

2018ರ ಜನವರಿಯಲ್ಲಿ ಭಾರತದ ಸ್ಮಾರ್ಟ್‌ಫೋನ್ ಮಾರುಕಟ್ಟೆಗೆ ಒಂದೇ ಹೊತ್ತಿಗೆ ಇಬ್ಬರು ರಾಜರಿದ್ದರು. ಹಿಂದಿನ ಮೂರು ತಿಂಗಳಲ್ಲಿ ಶಿಯೋಮಿಯು ಸ್ಯಾಮ್‌ಸಂಗನ್ನು ಹಿಂದಿಕ್ಕಿದೆ ಎಂದು ಕೆನಾಲಿಸ್, ಕೌಂಟರ್‌ಪಾಯಿಂಟ್ ಎಂಬ ಸಂಶೋಧನಾ ಸಂಸ್ಥೆಗಳು ಹೇಳಿದವು. ಕೆನಾಲಿಸ್ ಲೆಕ್ಕದಲ್ಲಿ ಶಿಯೋಮಿಯದು ಸುಮಾರು 82 ಲಕ್ಷ ಫೋನ್, ಸ್ಯಾಮ್‌ಸಂಗ್‌ನದು 73 ಲಕ್ಷ. ಸ್ಯಾಮ್‌ಸಂಗ್ ಒಪ್ಪಲಿಲ್ಲ. ಜಿಎಫ್‌ಕೆ ಎಂಬ ಇನ್ನೊಂದು ಸಂಸ್ಥೆಯ ಅಂಕಿ ಮುಂದಿಟ್ಟು, ಈಗಲೂ ನಾವೇ ಮುಂದೆ ಎಂದಿತು. ಇಲ್ಲಿ ಯಾರೂ ಸುಳ್ಳು ಹೇಳಿರಬೇಕಿಲ್ಲ. ಮೊದಲಿನವರು ಎಣಿಸಿದ್ದು ಕಂಪನಿಯಿಂದ ಹೊರಟ ಡಬ್ಬಿಗಳನ್ನು, ಜಿಎಫ್‌ಕೆ ಎಣಿಸಿದ್ದು ಗಿರಾಕಿಗೆ ಮಾರಿದ ಫೋನುಗಳನ್ನು. ವಿತರಕರ ಗೋದಾಮಿನಲ್ಲಿ ಸೀಲು ಒಡೆಯದೆ ಕೂತಿರುವ ಡಬ್ಬಿ ಒಂದು ಲೆಕ್ಕದಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ.

ವ್ಯಾಪಾರದ ಜಗಳದಂತೆ ಕಂಡರೂ ಇದರ ಬೇರು ಬಹಳ ಹಳೆಯದು. ಕಣ್ಣಾರೆ ಕಾಣದ್ದನ್ನು ಬೇರೆಯವರ ಮಾತು ನಂಬಿ ತಿಳಿಯಬಹುದೇ?

ಬಹುದು ಎಂದ ನ್ಯಾಯಸೂತ್ರದ ಗೌತಮ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ಶಬ್ದವನ್ನೂ ಪ್ರಮಾಣವಾಗಿ, ಅಂದರೆ ಅರಿವಿನ ದಾರಿಯಾಗಿ, ಕೂರಿಸಿದ. ಅದು ಆಪ್ತನ ಮಾತಾಗಿರಬೇಕು ಎಂಬುದಷ್ಟೇ ಷರತ್ತು. ಕನ್ನಡದಲ್ಲಿ ಆಪ್ತ ಎಂದರೆ ನಮಗೆ ಬೇಕಾದವನು. ನೈಯಾಯಿಕರ ಆಪ್ತನೇ ಬೇರೆ: ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲಂತೆಯೇ ಹೇಳಬಯಸುವವನು. ಅವನು ಋಷಿಯಾಗಿರಬಹುದು, ಮ್ಲೇಚ್ಛನೂ ಆಗಿರಬಹುದು ಎಂದು ಭಾಷ್ಯಕಾರ ವಾತ್ಸ್ಯಾಯನ ಸೇರಿಸುತ್ತಾನೆ. ಕುಲಗೋತ್ರ ಕೇಳಬೇಡಿ, ಇವನಿಗೆ ಗೊತ್ತೇ, ಗೊತ್ತಿದ್ದದ್ದನ್ನು ಹೇಳುತ್ತಾನೆಯೇ ಎಂದು ಕೇಳಿ. ಸಮೀಕ್ಷೆಯ ವರದಿ ಕೈಗೆ ಬಂದಾಗಲೂ ಮೊದಲು ಕೇಳಬೇಕಾದದ್ದು ಇದನ್ನೇ.

ಇಷ್ಟು ಕೇಳಿಯೂ ಮೋಸಹೋದವರಿದ್ದಾರೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಮಂದಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಗೆಲ್ಲುವುದು ಲ್ಯಾಂಡನ್ ಎಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡರು. ಉತ್ತರ ಬರೆದವನು ತನ್ನ ಮತದ ಮಟ್ಟಿಗೆ ಆಪ್ತನೇ. ಎಡವಿದ್ದು ಶಬ್ದವಲ್ಲ, ಅನುಮಾನ: ಕಂಡದ್ದರಿಂದ ಕಾಣದ್ದನ್ನು ಊಹಿಸುವ ಬಗೆ. ವಿಳಾಸಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ನೋಂದಣಿಯ ಪಟ್ಟಿಯಿಂದ. ಮೇಲಾಗಿ, ಕಾರ್ಡು ತಲುಪಿದ ಬಹುಪಾಲು ಮಂದಿ ಉತ್ತರಿಸಲೇ ಇಲ್ಲ. ಹೊಗೆ ಇದ್ದಲ್ಲಿ ಬೆಂಕಿ ಉಂಟು, ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ ಎನ್ನಲು ತರ್ಕಶಾಸ್ತ್ರದವರು ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಡೈರೆಕ್ಟರಿಯಲ್ಲಿ ಮತದಾರರಿದ್ದರು; ಆರ್ಥಿಕ ಕುಸಿತದ ಆ ದಿನಗಳಲ್ಲಿ ಮತದಾರರೆಲ್ಲ ಡೈರೆಕ್ಟರಿಯಲ್ಲಿ ಇರಲಿಲ್ಲ.

ಈಗ ಅದೇ ದೇಶದ ಹದಿಹರೆಯದವರ ಜೇಬಿಗೆ ಬರೋಣ. ಪೈಪರ್ ಸ್ಯಾಂಡ್ಲರ್ ಸಂಸ್ಥೆ 2023ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೇಳಿದಾಗ ಶೇ. 87ರಷ್ಟು ಮಂದಿ ತಮ್ಮಲ್ಲಿ ಐಫೋನ್ ಇದೆ ಎಂದರು. ಮುಂದೆ ಕೊಳ್ಳುವುದೂ ಐಫೋನೇ ಎಂದವರು ಶೇ. 88. ಒಂದಂಕಿಯಷ್ಟೇ ಅಂತರ, ಆದರೆ ಎರಡೂ ಒಂದೇ ಜಾತಿಯ ಮಾತಲ್ಲ. ಉಡುಪಿಯ ಮಧ್ವಾಚಾರ್ಯರು ಮನುಷ್ಯನ ಒಳಗೇ ‘ಸಾಕ್ಷಿ’ ಎಂಬೊಂದನ್ನು ಗುರುತಿಸಿ, ತನ್ನ ಸುಖದುಃಖ, ಬಯಕೆಗಳನ್ನು ಅರಿಯುವುದರಲ್ಲಿ ಅದು ತಪ್ಪುವುದಿಲ್ಲ ಎಂದರು. ಐಫೋನ್ ಬೇಕು ಎನ್ನುವ ಹುಡುಗಿಗೆ ತನ್ನ ಆಸೆ ಚೆನ್ನಾಗಿ ಗೊತ್ತು. ಮುಂದಿನ ವರ್ಷ ಅಪ್ಪ ಕಂತು ಕಟ್ಟುತ್ತಾರೋ ಇಲ್ಲವೋ, ಅದು ಯಾವ ಸಾಕ್ಷಿಗೂ ನಿಲುಕದ ಸಂಗತಿ. ವರದಿಯಲ್ಲಿ ಮಾತ್ರ ಆಸೆ ಮತ್ತು ಆಸ್ತಿ ಅಕ್ಕಪಕ್ಕದ ಕಂಬಗಳಾಗಿ ನಿಲ್ಲುತ್ತವೆ.

ಆಸ್ತಿಯ ಪ್ರಶ್ನೆಯಾದರೂ ಸಲೀಸೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಸುಮಾರು ಶೇ. 54ರಷ್ಟು ಮಹಿಳೆಯರ ಬಳಿ ‘ತಾವೇ ಬಳಸುವ’ ಮೊಬೈಲ್ ಇತ್ತು. ‘ತಾವೇ ಬಳಸುವ’ ಎಂಬ ಆ ಮಾತು ಸುಮ್ಮನೆ ಬಂದದ್ದಲ್ಲ; ಮನೆಯಲ್ಲಿ ಫೋನ್ ಇರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ.

ನಮ್ಮಲ್ಲಿನ ಯಾವುದೋ ಒಂದು ಮನೆ ಎಂದುಕೊಳ್ಳೋಣ. ಕಿಟಕಿಯ ಕಟ್ಟೆಯ ಮೇಲೆ ಫೋನ್ ಚಾರ್ಜಿಗಿದೆ, ಸ್ಕ್ರೀನ್ ಗಾರ್ಡು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಬಿಲ್ಲು ಮಗನ ಹೆಸರಿನಲ್ಲಿ, ಸಿಮ್ಮು ಯಜಮಾನರ ಹೆಸರಿನಲ್ಲಿ. ಸಂಜೆ ಮಗಳಿಗೆ ಹೋಂವರ್ಕು, ರಾತ್ರಿ ತಾಯಿಗೆ ಧಾರಾವಾಹಿ. ‘ಅಮ್ಮಾ, ಫೋನ್ ನಿಮ್ದೇನಾ?’ ಎನ್ನುತ್ತಾನೆ ಸಮೀಕ್ಷೆಗೆ ಬಂದ ಹುಡುಗ. ‘ಹೂಂ ಕಣಪ್ಪ, ನಮ್ದೇ’ ಎನ್ನುತ್ತಾಳೆ ಆಕೆ. ಅವನ ಫಾರಂನಲ್ಲಿ ‘ನನ್ನದು’ ಎಂಬುದಕ್ಕೆ ಖಾನೆಯಿದೆ, ‘ನಮ್ದು’ ಎಂಬುದಕ್ಕಿಲ್ಲ. ಒಂದು ಕ್ಷಣ ತಡೆದು ಟಿಕ್ ಹಾಕುತ್ತಾನೆ.

‘ಯಾವ ಕಂಪನೀದಮ್ಮಾ?’

ಆಕೆ ಫೋನ್ ತಿರುಗಿಸುತ್ತಾಳೆ. ಹಿಂದೆ ದಪ್ಪನೆಯ ರಬ್ಬರ್ ಕವರು, ಅದರ ಮೇಲೆ ಬಣ್ಣ ಮಾಸಿದ ಗಣಪತಿ. ‘ಲೇ, ಇದು ಯಾವ್ದೇ?’ ಎಂದು ಒಳಗಿದ್ದ ಮಗಳನ್ನು ಕೂಗುತ್ತಾಳೆ. ಉತ್ತರ ಬರುವಷ್ಟರಲ್ಲಿ ಹುಡುಗ ಫೋನ್ ಇಸಿದುಕೊಂಡು, ಉಗುರಿನಿಂದ ಕವರಿನ ಅಂಚು ಎಬ್ಬಿಸತೊಡಗಿರುತ್ತಾನೆ.