ಏಳರಲ್ಲಿ ಒಂದು



ಇವತ್ತಿನ ಚಿಂತನೆ ಕ್ರಿಕೆಟ್ಟಿನಿಂದ ಶುರುವಾಗುತ್ತದೆ. ಆಟದ ಗೊಡವೆ ಬೇಡದವರು ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಕಾಲೋನಿ ಹುಡುಗರ ಟೆನ್ನಿಸ್ ಬಾಲ್ ತಂಡದ ಲೆಕ್ಕ ಬರೆಯುವವನು ನಾನು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಿ ಟೂರ್ನಮೆಂಟ್ ಇದ್ದರೂ ಟೆಂಪೋ ಬಾಡಿಗೆಯಿಂದ ಹಿಡಿದು ಸ್ಕೋರಿನವರೆಗೆ ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ. ಎರಡು ವರ್ಷದ ಹಿಂದೆ ನಮ್ಮ ಕ್ಯಾಪ್ಟನ್ ಹುಡುಗನ ಕೈಯಲ್ಲಿ ತಂಡ ಏಳು ಮ್ಯಾಚ್ ಆಡಿ ಒಂದೇ ಗೆದ್ದಿತ್ತು. ಏಪ್ರಿಲ್ 14ರ ಟೂರ್ನಮೆಂಟ್ ಹತ್ತಿರ ಬಂದಿತ್ತು. ಹಿರಿಯರು ಕೂತಾಗ ನಾನೇ ನೋಟ್‌ಬುಕ್ ತೆಗೆದು ಓದಿದೆ: ಏಳರಲ್ಲಿ ಒಂದು. ಬೇರೆ ಮಾತೇ ಬೇಕಾಗಲಿಲ್ಲ. ಅವನನ್ನು ಇಳಿಸಿದೆವು. ಹುಡುಗ ಏನೂ ಹೇಳದೆ ಬ್ಯಾಟು ಮೂಲೆಗಿಟ್ಟು ಹೋದ. ಆಮೇಲೆ ಭಾನುವಾರದ ನಮ್ಮ ವಂದನೆಗೂ ಬರುವುದು ನಿಲ್ಲಿಸಿದ.

ಹೊಸ ಕ್ಯಾಪ್ಟನ್ ಬಂದ ಮೇಲೆ ಸಾಲಾಗಿ ಎರಡು ಮ್ಯಾಚ್ ಗೆದ್ದೆವು. ನೋಡಿ, ನಾನು ಹೇಳಿರಲಿಲ್ಲವಾ ಎಂದು ಬೀಗಿದೆ.

ಪಲ್ವಂಕರ್ ಬಾಲೂ ಅವರ ಕಥೆ ಓದಿದ್ದು ಆಮೇಲೆ. ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ ನೋಡಿಕೊಳ್ಳುತ್ತಾ, ನೆಟ್ಸಿನಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡುತ್ತಾ ಎಡಗೈ ಸ್ಪಿನ್ ಪಳಗಿಸಿಕೊಂಡರು. ಪುಣೆಯ ಹಿಂದೂ ತಂಡ ಅವರ ವಿಕೆಟ್ಟುಗಳನ್ನು ತೆಗೆದುಕೊಂಡಿತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಟ್ಟಿತು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯ, 6 ಗೆಲುವು, 15 ಸೋಲು. ಆ ಸೋತ ತಂಡದಲ್ಲಿ ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು, ಒಂದೊಂದಕ್ಕೆ ಹತ್ತೊಂಬತ್ತು ರನ್ ಕೂಡ ಕೊಡದೆ. ಸೋಲು-ಗೆಲುವಿನ ಕಾಲಂ ಮಾತ್ರ ಓದುವವನಿಗೆ ಈ ಮನುಷ್ಯ ಕಾಣುವುದೇ ಇಲ್ಲ.

ಇನ್ನೊಂದು ಗಮನಿಸಿ. ಕ್ಯಾಪ್ಟನ್ನಾಗಿ ಬಾಲೂ ಎಷ್ಟು ಗೆದ್ದರು ಎಂದು ಕೇಳಿದರೆ ಹೇಳಲು ಏನೂ ಇಲ್ಲ, ಯಾಕೆಂದರೆ ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಕೊಡಲೇ ಇಲ್ಲ. ಅದು ಅವರ ತಮ್ಮ ವಿಠ್ಠಲರಿಗೆ ಸಿಕ್ಕಿದ್ದು 1923ರಲ್ಲಿ, ಅದೂ ಎಷ್ಟೋ ಜಗಳದ ನಂತರ. ದಾಖಲೆ ಕೇಳುವ ಮೊದಲು ಬಾಗಿಲು ತೆಗೆದಿದ್ದರಾ ಎಂದು ಕೇಳಬೇಕಲ್ಲವೇ?

ಬಾಲೂ ಬಗ್ಗೆ ಹೇಳುವಾಗ ನಾವು ಮುಚ್ಚಿಡುವ ಒಂದು ಸಂಗತಿಯೂ ಇದೆ. 1937ರ ಚುನಾವಣೆಯಲ್ಲಿ ಅವರು ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತರು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಅಲ್ಲಿ ಗೆದ್ದ ಬಾಬಾಸಾಹೇಬರು ಸಂವಿಧಾನ ಜಾರಿಗೆ ಬಂದ ಎರಡೇ ವರ್ಷಕ್ಕೆ, ಮೊದಲ ಲೋಕಸಭಾ ಚುನಾವಣೆಯಲ್ಲಿ, ಉತ್ತರ ಮುಂಬಯಿಯಲ್ಲಿ ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ನನ್ನ ನೋಟ್‌ಬುಕ್ಕಿನ ಲೆಕ್ಕದಲ್ಲಿ ಅವರು ಲೋಕಸಭೆಗೆ ಎರಡು ಸಲ ನಿಂತು ಒಂದೂ ಗೆಲ್ಲದವರು. ಬರೆಯುವಾಗಲೇ ಕೈ ನಡುಗುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರಕ್ಕೆ ಬಂದ ಲಕ್ಷಾಂತರ ಜನ ಆ ಲೆಕ್ಕ ನೋಡಿ ಬಂದವರಲ್ಲ.

ಗೆದ್ದವನು ಯೋಗ್ಯ, ಸೋತವನು ಅಯೋಗ್ಯ ಎನ್ನುವ ಮಾತು ನಮಗೆ ಹೊಸದೂ ಅಲ್ಲ. ನಮ್ಮ ಅಜ್ಜಂದಿರಿಗೆ ಇದನ್ನೇ ಬೇರೆ ರೀತಿ ಹೇಳುತ್ತಿದ್ದರು: ಈ ಗತಿ ಬಂದಿದೆಯಲ್ಲ, ಹಿಂದಿನ ಜನ್ಮದಲ್ಲಿ ಏನೋ ಮಾಡಿರಬೇಕು. ಫಲ ನೋಡಿ ಮನುಷ್ಯನ ಬೆಲೆ ಕಟ್ಟುವುದು. ಬಾಬಾಸಾಹೇಬರು ಈ ವಾದವನ್ನು ತಳ್ಳಿಹಾಕಿದರು. ಸೀವಕ ಎಂಬ ಪರಿವ್ರಾಜಕ ಬುದ್ಧರನ್ನೂ ಇದೇ ಕೇಳಿದ್ದ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ? ಬುದ್ಧರು ಪಿತ್ತ, ಕಫ, ವಾತ, ಋತು ಬದಲಾಗುವುದು, ಹೊರಗಿನಿಂದ ಬಿದ್ದ ಪೆಟ್ಟು ಎಂದು ಕಾರಣಗಳನ್ನು ಎಣಿಸಿದರು. ಕರ್ಮ ಅವುಗಳಲ್ಲಿ ಒಂದು ಮಾತ್ರ.

ಇದನ್ನು ಓದಿದ ರಾತ್ರಿ ಹಳೆಯ ನೋಟ್‌ಬುಕ್ ತೆಗೆದೆ. ಸೋತ ಆರು ಮ್ಯಾಚಿನಲ್ಲಿ ಐದಕ್ಕೆ ನಮ್ಮ ಇಬ್ಬರು ಒಳ್ಳೆ ಬೌಲರ್‌ಗಳು ಬಂದೇ ಇರಲಿಲ್ಲ. ರೇಷ್ಮೆ ರೀಲಿಂಗ್ ಘಟಕದಲ್ಲಿ ಕೆಲಸ, ಮಾಲೀಕನಿಂದ ಮುಂಗಡ ತೆಗೆದುಕೊಂಡ ಮನೆ, ಗೂಡು ಹೆಚ್ಚು ಬಂದ ದಿನ ರಜೆ ಇಲ್ಲ. "ಅಣ್ಣಾ, ಕೆಲಸ ಹೋದ್ರೆ ಅವರ ಮನೆ ನಡೆಯಲ್ಲ, ನಾನೇ ಬರಬೇಡಿ ಅಂದೆ" ಎಂದು ಕ್ಯಾಪ್ಟನ್ ಆಗಲೇ ನನಗೆ ಹೇಳಿದ್ದ. ನಾನು ಬರೆದುಕೊಂಡಿರಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ. ಹೊಸ ಕ್ಯಾಪ್ಟನ್ ಗೆದ್ದ ಎರಡೂ ಮ್ಯಾಚಿಗೆ ಆ ಇಬ್ಬರು ಬಂದಿದ್ದರು.

ಹಾಗಾದರೆ ಕ್ಯಾಪ್ಟನ್ನಿನ ತಪ್ಪನ್ನೇ ಕೇಳಬಾರದೇ ಎಂದು ನಮ್ಮ ಅಧ್ಯಯನ ಬಳಗದ ಅಕ್ಕ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬುದ್ಧರು ಮಗ ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು, ಕೆಲಸ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ ಎಂದಿದ್ದರು. ಮಾಡಿದ ಮೇಲೆ ನೋಡುವುದೂ ಇದೆ, ಫಲವನ್ನು ಬಿಟ್ಟಿಲ್ಲ. ಆದರೆ ನೋಡಬೇಕಾದ್ದು ಅವನು ಮಾಡಿದ ಕೆಲಸವನ್ನು. ಉಳಿದ ಆ ಒಂದು ಮ್ಯಾಚು, ಗೌರಿಬಿದನೂರಿನದು, ಹಾಗೆ ನೋಡಿದರೆ ಅವನ ತಪ್ಪೇ. ಮುಖ್ಯ ಬೌಲರಿಗೆ ಒಂದು ಓವರ್ ಬಾಕಿ ಇದ್ದರೂ ಕೊನೆಯ ಓವರನ್ನು ಗೆಳೆಯನಿಗೆ ಕೊಟ್ಟಿದ್ದ.

ಕಳೆದ ವಾರ ಅವನ ಮನೆಗೆ ಹೋಗಿದ್ದೆ. ಈಗ ಅವನೂ ರೀಲಿಂಗಿಗೇ ಹೋಗುತ್ತಾನೆ, ಬಿಸಿನೀರಿಗೆ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ಅವನ ತಾಯಿ ಟೀ ಕೊಟ್ಟರು. ನೋಟ್‌ಬುಕ್ ತೋರಿಸಿ, ತಪ್ಪು ನನ್ನದು, ಲೆಕ್ಕ ತಿದ್ದುತ್ತೇನೆ ಎಂದೆ. ಪುಟ ತಿರುಗಿಸಿ ತಿರುಗಿಸಿ ನೋಡಿದ.

"ಗೌರಿಬಿದನೂರಿಂದು ಹಂಗೇ ಇರಲಿ ಅಣ್ಣಾ" ಎಂದ. "ಅದು ನಂದೇ."

ಜೈ ಭೀಮ್.