ಅಂತರಗಂಗೆಯ ಊರು ಯಾವುದು?

ನಾನು ಕಾಶಿಯಲ್ಲಿ ಗಂಗೆಯ ದಡದಲ್ಲೇ ಇದ್ದೇನೆ ಅಂತ ತಿಪಟೂರು ಕಡೆಯ ನಮ್ಮ ಬಂಧುಗಳೆಲ್ಲ ನಂಬಿಕೊಂಡಿದ್ದಾರೆ. ಫೋನು ಮಾಡಿದವರು "ಪುಣ್ಯವಂತರು ಬಿಡಿ, ದಿನಾ ಗಂಗಾಸ್ನಾನ" ಅನ್ನುತ್ತಾರೆ. ನಾನೂ ಹೂಂ ಅಂದು ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ, ಮಗ ಮನೆ ಮಾಡಿರುವುದು ವರುಣಾ ನದಿಯ ಆಚೆ ಕಡೆ, ಹೊಸದಾಗಿ ಎದ್ದ ಒಂದು ಬಡಾವಣೆಯಲ್ಲಿ. ವರುಣಾ ಮತ್ತು ಅಸ್ಸಿಗಳ ನಡುವೆ ಇರುವುದರಿಂದ ವಾರಾಣಸಿ ಅಂತ ಹೇಳುತ್ತಾರಲ್ಲ, ಆ ಲೆಕ್ಕದಲ್ಲಿ ನಾವು ಕ್ಷೇತ್ರದಿಂದಲೂ ಹೊರಗಿನವರೇ. ನಮ್ಮ ಕಿಟಕಿ ತೆರೆದರೆ ಕಾಣುವುದು ಗಂಗೆಯಲ್ಲ, ಒಂದು ಕೆರೆ. ಕೆರೆಯ ತುಂಬ ಅಂತರಗಂಗೆ.

ಇಲ್ಲಿಯವರು ಅದನ್ನು ಜಲಕುಂಭಿ ಅನ್ನುತ್ತಾರೆ. ದಪ್ಪ ದಂಟು, ಹೊಳೆಯುವ ಎಲೆ, ನೋಡುವುದಕ್ಕೆ ಬಲು ಚೆಂದದ ನೇರಳೆ ಹೂವು. ನಮ್ಮೂರ ಕೆರೆಯಲ್ಲೂ ಇದೇ ಇತ್ತು, ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೀವೂ ನೋಡಿರುತ್ತೀರಿ. ತಮಾಷೆ ಏನೆಂದರೆ, ಅಂತರಗಂಗೆ ಅನ್ನುವ ಹೆಸರು ಇದರದ್ದಲ್ಲ. ಎಲೆಕೋಸಿನ ಹಾಗೆ ನೀರಿನ ಮೇಲೆ ತೇಲುವ ಬೇರೊಂದು ಚಿಕ್ಕ ಗಿಡವಿದೆ, ಆ ಹೆಸರು ಅದರದ್ದು. ಹಿಂದಿಯ ಜಲಕುಂಭಿಯೂ ಮೊದಲು ಅದರದ್ದೇ. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಈ ಗಿಡ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೆ ಬಂತು. ಹೂವು ಚೆನ್ನಾಗಿದೆ ಅಂತ ನಾವೇ ತಂದು ಬೆಳೆಸಿದ್ದು. ಬಂದ ಮೇಲೆ ಕೆರೆಯನ್ನೂ ಹಿಡಿಯಿತು, ಎರಡು ಭಾಷೆಗಳಲ್ಲಿ ಇನ್ನೊಬ್ಬರ ಹೆಸರನ್ನೂ ಹಿಡಿಯಿತು. ಭತ್ತದ ಗದ್ದೆ, ದೋಣಿಯ ದಾರಿ ಎಲ್ಲ ಕಟ್ಟಿಹೋಗಿ, 1936ರಲ್ಲಿ ಬಂಗಾಳ ಸರ್ಕಾರ ಇದರ ಮೇಲೇ ಒಂದು ಕಾಯಿದೆ ಮಾಡಬೇಕಾಯಿತು. ಜನ ಇದನ್ನು ಜರ್ಮನ್ ಪಾನಾ ಅಂತಲೂ ಕರೆದರಂತೆ, ಯುದ್ಧದ ಕಾಲ ನೋಡಿ. ಬೇಡದ ಗಿಡಕ್ಕೆ ಬೇಡದವರ ಹೆಸರು. ನಾವು ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡ ಅಂದೆವು, ಕೇರಳದವರು ಇನ್ನೊಂದಕ್ಕೆ ಕಮ್ಯುನಿಸ್ಟ್ ಪಚ್ಚ ಅಂದರು. ಇಲ್ಲಿ ಕೆರೆ ದಂಡೆಯಲ್ಲಿ ನಸು ನೇರಳೆ ಹೂ ಬಿಡುವ ಒಂದು ಪೊದೆಯಿದೆ, ಕಡಿದು ಎಸೆದ ತುಂಡು ಬಿದ್ದಲ್ಲೇ ಬೇರು ಬಿಡುತ್ತದೆ. ಅದಕ್ಕೆ ಬೇಹಯಾ ಅನ್ನುತ್ತಾರೆ, ಅಂದರೆ ನಾಚಿಕೆಗೆಟ್ಟದ್ದು.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ತಂಗಿಯ ಮಗನಿಂದ. ಅವನು ಇಂಗ್ಲೆಂಡಿನಲ್ಲಿದ್ದಾನೆ. ಮನೆ ಕೊಳ್ಳುವಾಗ ಒಂದು ದಿನ ಫೋನು ಮಾಡಿ, "ಮಾವ, ನೀವು ಬ್ಯಾಂಕಿನವರು, ಇದೊಂದು ವಿಚಿತ್ರ ನೋಡಿ. ಹಿತ್ತಲಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನೋ ಗಿಡ ಇದೆಯಾ ಅಂತ ಇಲ್ಲಿ ಮನೆ ಮಾರುವವರು ಫಾರಂನಲ್ಲಿ ಬರೆದುಕೊಡಬೇಕು. ಇದ್ದರೆ ಸಾಲ ಸಿಗೋದೇ ಕಷ್ಟ" ಅಂದ. ನಾನು ಮೂವತ್ತೈದು ವರ್ಷ ಸಾಲ ಕೊಟ್ಟವನು. ಟೈಟಲ್ ಡೀಡ್ ಕೇಳಿದ್ದೇನೆ, ಋಣಭಾರ ಪತ್ರ ಕೇಳಿದ್ದೇನೆ, ಜಾಮೀನುದಾರನ ಮುಖ ನೋಡಿ ಅಳೆದಿದ್ದೇನೆ. ಹಿತ್ತಲಲ್ಲಿ ಯಾವ ಗಿಡ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಕುತೂಹಲದಿಂದ ಓದಿದೆ. ಸೀಬೋಲ್ಡ್ ಎಂಬ ಜರ್ಮನ್ ವೈದ್ಯ 1840ರ ದಶಕದಲ್ಲಿ ಜಪಾನಿನಿಂದ ಹಾಲೆಂಡಿನ ಲೈಡನ್ನಿಗೆ ತಂದ ಗಿಡ ಅದು. 1847ರಲ್ಲಿ ಅದಕ್ಕೆ ಆ ವರ್ಷದ ಒಳ್ಳೆಯ ಅಲಂಕಾರ ಸಸ್ಯ ಅಂತ ಚಿನ್ನದ ಪದಕ ಕೊಟ್ಟಿದ್ದರು. 1850ರಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ಹೋಯಿತು. ನೂರು ಚಿಲ್ಲರೆ ವರ್ಷಗಳಲ್ಲಿ ರೈಲು ಹಳಿ, ಹೊಳೆ ದಂಡೆ, ಹಾಳು ಜಾಗ ಎಲ್ಲ ಅದರದೇ ಆಗಿ, 1981ರಲ್ಲಿ ಅದನ್ನು ಹೊರಗೆ ನೆಡುವುದೇ ಅಪರಾಧ ಎಂದು ಕಾನೂನಾಯಿತು. ಪದಕ ಕೊಟ್ಟವರೂ ಯುರೋಪಿನವರೇ, ಅಪರಾಧಿ ಮಾಡಿದವರೂ ಅವರೇ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ವಂಶದ ಕಥೆ. ಬ್ರಿಟನ್ನಿನ ಉದ್ದಗಲದಿಂದ ಈ ಗಿಡದ ಮಾದರಿ ತಂದು ಡಿಎನ್‌ಎ ನೋಡಿದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ್ದೇನೆಂದರೆ, ಎಲ್ಲವೂ ಒಂದೇ. ಒಂದೇ ಜಾತಿ ಅಂತಲ್ಲ, ಒಂದೇ ಗಿಡ. ಅದೊಂದು ಹೆಣ್ಣು ಗಿಡ. ಫಲ ಕೊಡುವ ಪರಾಗ ತನ್ನಲ್ಲಿಲ್ಲ, ತನ್ನದೇ ಜಾತಿಯ ಗಂಡು ಆ ದೇಶದಲ್ಲಿಲ್ಲ. ಆದ್ದರಿಂದ ತನ್ನ ಬೀಜ ಇಲ್ಲವೇ ಇಲ್ಲ. ಮಣ್ಣಿನೊಳಗಿನ ಗೆಡ್ಡೆಬೇರಿನ ಚೂರು ಹೋದಲ್ಲೆಲ್ಲ ಆಕೆ ಹೋದಳು. ಚೂರನ್ನು ಸಾಗಿಸಿದ್ದು ಬಹುಪಾಲು ಮನುಷ್ಯರ ಮಣ್ಣಿನ ಗಾಡಿಗಳು. ಆಕೆಯ ಜೀವಕೋಶದಲ್ಲಿ 88 ಕ್ರೋಮೋಸೋಮು. ದೈತ್ಯ ನಾಟ್‌ವೀಡ್ ಎಂಬ ನೆಂಟನಲ್ಲಿ ಸಾಮಾನ್ಯವಾಗಿ 44. ಅದರ ಪರಾಗ ಬಿದ್ದಲ್ಲಿ 66ರ ಮಿಶ್ರತಳಿ ಹುಟ್ಟುತ್ತದೆ. ಅದು ಬೀಜವನ್ನೂ ಕಟ್ಟಬಲ್ಲದು, ಇನ್ನೂ ಹಟಮಾರಿ. ನಮ್ಮ ಅಂತರಗಂಗೆಯೂ ಹೆಚ್ಚು ಕಡಿಮೆ ಹಾಗೇ. ಬೀಜ ಬಿಡುತ್ತದೆ ನಿಜ, ಆದರೆ ಹಬ್ಬುವುದೆಲ್ಲ ಬಳ್ಳಿಕುಡಿಯಿಂದ. ತವರಿನ ಹೊರಗೆ ಪ್ರಪಂಚದ ಬಹುಪಾಲು ಕೆರೆಗಳಲ್ಲಿರುವುದು ಒಂದೇ ತಳಿಯ ನಕಲು ಅಂತ 2010ರ ಅಧ್ಯಯನವೊಂದು ತೋರಿಸಿತು. ಅಂದರೆ ನಮ್ಮೂರ ಕೆರೆಯಲ್ಲಿ ಕಂಡದ್ದೂ ಈ ಕಿಟಕಿಯಲ್ಲಿ ಕಾಣುವುದೂ ಬಹುಶಃ ಒಂದೇ ಜೀವ. ಅದಕ್ಕೆ ಪರವೂರು ಅನ್ನುವುದೇ ಇಲ್ಲವೇನೋ, ಪುಣ್ಯವಂತ ಗಿಡ ಅನ್ನಿಸಿತು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಗಿಡದ ಕಥೆ ಹೇಳಿದ್ದೇ ಅದನ್ನು ಮುಂದೂಡುವುದಕ್ಕೆ ಅಂತ ನೀವು ಅಂದುಕೊಂಡರೆ ಅದೂ ತಪ್ಪಲ್ಲ.

ನಮ್ಮ ಬಡಾವಣೆಯ ಸಮಿತಿಗೆ ನಾನು ಖಜಾಂಚಿ. "ಮ್ಯಾನೇಜರ್ ಸಾಹೇಬ್ ಇರುವಾಗ ಬೇರೆಯವರು ಯಾಕೆ" ಅಂತ ನನ್ನ ತಲೆಗೆ ಕಟ್ಟಿದರು. ಬಂದ ಹೊಸದರಲ್ಲಿ ನಾನು ಇವರಿಗೆಲ್ಲ "ಮದ್ರಾಸಿ ಅಂಕಲ್". ತುಮಕೂರು ಜಿಲ್ಲೆ ಅಂತ ಎಷ್ಟು ಹೇಳಿದರೂ ಅದು ಮದ್ರಾಸೇ. ಹಾಗಾಗಿ ಖಜಾಂಚಿ ಅಂದಾಗ ಒಳಗೊಳಗೇ ಖುಷಿಯಾಗಿತ್ತು, ಕೊನೆಗೂ ಒಳಗಿನವನಾದೆ ಅಂತ. ಒಂದು ಮಳೆಗಾಲ ಮುಗಿದ ಮೇಲೆ ಸೊಳ್ಳೆ ಕಾಟ ವಿಪರೀತವಾಗಿ, ಕೆರೆ ಸ್ವಚ್ಛ ಮಾಡಿಸಬೇಕು ಅಂತ ಸಭೆ ಸೇರಿತು. ಜಲಕುಂಭಿ ವಿದೇಶಿ ಗಿಡ, ಬೇರುಸಹಿತ ಕೀಳಬೇಕು ಅಂದರು. ಸರಿಯೇ. ಮಾತಾಡುತ್ತಾ ಆಡುತ್ತಾ ಕೆರೆ ದಂಡೆಯ ನಾಲ್ಕು ಗುಡಿಸಲುಗಳ ಕಡೆ ಮಾತು ಹೋಯಿತು. "ಅವರೂ ಹೊರಗಿನವರೇ, ಹಾಗೇ ಬಂದು ಬೇರು ಬಿಟ್ಟಿದ್ದಾರೆ, ಒಂದು ಇದ್ದದ್ದು ನಾಲ್ಕಾಯಿತು" ಅಂದರು ಯಾರೋ. ಎಲ್ಲರೂ ನಕ್ಕರು. ಹೋಲಿಕೆ ಚೆನ್ನಾಗಿತ್ತು. ನಾನೂ ನಕ್ಕೆನಾ? ನಕ್ಕಿರಬೇಕು.

ಆ ಗುಡಿಸಲುಗಳಲ್ಲಿದ್ದದ್ದು ಧೋಬಿಗಳು. ನಮ್ಮನೆ ಹಾಸಿಗೆ ಹೊದಿಕೆ ಒಗೆಯುತ್ತಿದ್ದವರೂ ಅವರೇ. ಹಿರಿಯನನ್ನು ಒಮ್ಮೆ ಊರು ಯಾವುದಪ್ಪಾ ಅಂತ ಕೇಳಿದ್ದೆ. ಗಾಜಿಪುರ ಅಂದಿದ್ದ. ಇಲ್ಲಿಗೆ ನೂರು ಕಿಲೋಮೀಟರೂ ಇಲ್ಲ, ಪಕ್ಕದ ಜಿಲ್ಲೆ. ನಾನು ಬಂದದ್ದು ಅದರ ಹತ್ತು ಪಟ್ಟಿಗಿಂತ ಹೆಚ್ಚು ದೂರದಿಂದ. ಸಭೆಯಲ್ಲಿ ಇದು ನನಗೆ ನೆನಪಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು, ಹೇಳಲಿಲ್ಲ. ಹೇಳಿದರೆ ಮತ್ತೆ ಮದ್ರಾಸಿಯಾಗುತ್ತೇನೆ ಅನ್ನುವ ಅಳುಕು.

ಜೆಸಿಬಿ ಎರಡು ದಿನ ಕೆಲಸ ಮಾಡಿತು. ಗಿಡವೂ ಹೋಯಿತು, ಗುಡಿಸಲೂ ಹೋಯಿತು. ಚೆಕ್ಕಿಗೆ ಸಹಿ ಹಾಕಿದವನು ನಾನು. ವೋಚರಿನಲ್ಲಿ "ಜಲಕುಂಭಿ ತೆರವು ಬಾಬ್ತು" ಅಂತ ಬರೆದೆ. ಒಂದೇ ಬಾಬ್ತು. ಬ್ಯಾಂಕಿನಲ್ಲಿ ಎರಡು ಲೆಕ್ಕವನ್ನು ಒಂದು ತಲೆಬರಹದಲ್ಲಿ ಸೇರಿಸಿದ್ದಕ್ಕೆ ಎಷ್ಟು ಗುಮಾಸ್ತರನ್ನು ನಾನು ಗದರಿಸಿದ್ದೆನೋ!

ಗಿಡ ಕಿತ್ತದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲ ಜೀವವೂ ಒಂದೇ, ಬಂದದ್ದೆಲ್ಲ ಇರಲಿ ಅನ್ನುವ ವೇದಾಂತಕ್ಕೆ ಕಾಶಿಯಲ್ಲಿ ಬರವಿಲ್ಲ, ಆದರೆ ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಮುಚ್ಚಿ, ಬೆಳಕು ಗಾಳಿ ತಪ್ಪಿಸಿ ಮೀನು ಸಾಯಿಸುವ ಗಿಡವನ್ನು ಕೀಳಲೇಬೇಕು. ಕೀಳಬೇಕಾದದ್ದು ಅದು ಮಾಡುವ ಕೆಲಸಕ್ಕೆ, ಅದು ಬಂದ ಊರಿಗೆ ಅಲ್ಲ. ಊರು ನೋಡಿ ಕೀಳುವುದಾದರೆ ಈ ಊರಿನ ಕಚೌರಿಯ ಜೊತೆಯ ಆಲೂಗಡ್ಡೆ, ಮೆಣಸಿನಕಾಯಿ, ಟೊಮ್ಯಾಟೊ, ಅಲಹಾಬಾದಿನ ಹೆಸರು ಹೊತ್ತ ಸೀಬೆ ಎಲ್ಲವೂ ಅದೇ ಅಮೆರಿಕ ಖಂಡದಿಂದ ಬಂದವು. ಅಷ್ಟಕ್ಕೂ ನಾಟ್‌ವೀಡ್ ತನ್ನ ಜಪಾನಿನಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ಮೊದಲು ಚಿಗುರುವ ಗಿಡ. ಅಲ್ಲಿನ ಹುಳು, ಬೂಷ್ಟು ಅದನ್ನು ಅಂಕೆಯಲ್ಲಿಡುತ್ತವೆ, ಜನ ಚಿಗುರನ್ನು ತಿನ್ನುತ್ತಾರೆ. ಅಲ್ಲಿ ಅದು ದುಷ್ಟ ಅಲ್ಲ. ಅಂತರಗಂಗೆಗೂ ಅದರ ತವರಿನ ಸೊಂಡಿಲು ಹುಳುಗಳನ್ನು ತರಿಸಿ 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಕೆಲವು ಕಡೆ ಒಳ್ಳೆಯ ಫಲ ಕಂಡರು. ಗಿಡ ಒಂದೇ, ಅದನ್ನು ಹಿಡಿದಿಡುವುದು ಏನಿದೆ, ಅದಕ್ಕೆ ಉಣಿಸುವವರು ಯಾರು ಅನ್ನುವುದರ ಮೇಲೆ ಎಲ್ಲ.

ಇಲ್ಲಿ ಉಣಿಸುತ್ತಿದ್ದವರು ನಾವು. ಬಡಾವಣೆಯ ಚರಂಡಿ ನೀರು ನೇರ ಆ ಕೆರೆಗೇ ಹೋಗುತ್ತದೆ, ಈ ಗಿಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಬೇಕೇ? ಇದು ಸಭೆಯ ಅಜೆಂಡಾದಲ್ಲಿರಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಕೆರೆ ಮತ್ತೆ ಹಸಿರಾಯಿತು. ವಾತಾವರಣ ಹಿಡಿಸಿದರೆ ಒಂದೆರಡು ವಾರದಲ್ಲೇ ಎರಡು ಪಟ್ಟಾಗುವ ಗಿಡ. ಆಗ ನನಗೆ ಕಿಟಕಿಯಲ್ಲಿ ಏನೋ ಒಂದು ಬದಲಾದ ಹಾಗೆ ಕಂಡಿತು. ಮೊದಲು ಕೆರೆಯ ಮೂಡಣ ಮೂಲೆಯಲ್ಲಿ ಯಾವಾಗಲೂ ಒಂದು ತುಂಡು ತಿಳಿ ನೀರು ಇರುತ್ತಿತ್ತು. ಒಗೆಯುವ ಕಲ್ಲುಗಳ ಸುತ್ತ ಧೋಬಿಗಳು ದಿನಾ ಬೆಳಗ್ಗೆ ಗಿಡ ಎಳೆದು ದಂಡೆಗೆ ಹಾಕುತ್ತಿದ್ದರು. ಈಗ ಆ ಮೂಲೆಯೂ ಮುಚ್ಚಿದೆ.

ಆ ಹಿರಿಯ ಈಗ ಎಲ್ಲಿದ್ದಾನೆ ಅಂತ ಇಸ್ತ್ರಿ ಅಂಗಡಿಯವನನ್ನು ಕೇಳಿದೆ. ವರುಣಾ ಸೇತುವೆಯ ಆಚೆ ಎಲ್ಲೋ ಅಂದ. ಎರಡು ಸಲ ಹೋಗಿ ಹುಡುಕಿದೆ, ಸಿಗಲಿಲ್ಲ. ಹೋದ ತಿಂಗಳು ಸಮಿತಿಯವರು ಮತ್ತೆ ಜೆಸಿಬಿಯ ಕೊಟೇಶನ್ ತಂದುಕೊಟ್ಟಿದ್ದಾರೆ. ಚರಂಡಿಯನ್ನು ಬೇರೆ ಕಡೆ ತಿರುಗಿಸುವ ಅಂದಾಜು ವೆಚ್ಚವನ್ನು ಒಬ್ಬ ಗುತ್ತಿಗೆದಾರನಿಂದ ಬರೆಸಿ ಅದರ ಜೊತೆಗೆ ಪಿನ್ನು ಹಾಕಿದ್ದೇನೆ. ಭಾನುವಾರ ಸಭೆ. "ಅಪ್ಪಾ, ಸುಮ್ಮನೆ ಸಹಿ ಹಾಕಿಬಿಡಿ, ನಾವು ಇಲ್ಲೇ ಬಾಳಬೇಕಲ್ಲ" ಅಂತ ಮಗ ಹೇಳಿದ್ದಾನೆ.