ದಿಕ್ಕಿಲ್ಲದವರಿಗೆ ಯಾವ ದಿಕ್ಕು?

ಮನೆ ಎಲ್ಲಿರಬೇಕು, ಬಾಗಿಲು ಎತ್ತ ನೋಡಬೇಕು ಅಂತ ಹೇಳುವ ಹಕ್ಕು ಯಾರದು? ವಾಸ್ತುವಿನ ಪ್ರಶ್ನೆ ಶುರುವಾಗಬೇಕಾದ್ದು ಇಲ್ಲಿಂದ.

ಚೀನೀಯರ ಫೆಂಗ್ ಶುಯಿಯಲ್ಲಿ ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಹೆಸರಿನಲ್ಲೇನೂ ತಪ್ಪಿಲ್ಲ. ಹನೂರು ತಾಲ್ಲೂಕಿನ ಗಡಿಯಂಚಿನ ಪಾಲಾರ್‌ನಲ್ಲಿ ಗುಡಿಸಲು ಹಾಕುವ ಸೋಲಿಗನೂ ಕೇಳಬೇಕಾದ್ದು ಇದನ್ನೇ: ನೀರೆಷ್ಟು ದೂರ? ಮಳೆಗಾಳಿ ಯಾವ ಕಡೆಯಿಂದ ಹೊಡೀತದೆ? ಆನೆ ಎತ್ತಲಿಂದ ಬತ್ತದೆ? ಇದು ಬದುಕಿನ ಲೆಕ್ಕ. ತಪ್ಪಿದರೆ ಜೀವಕ್ಕೇ ಕುತ್ತು. ಇದಕ್ಕೆ ಪಂಚಾಂಗ ಬೇಕಿಲ್ಲ.

ಪುಸ್ತಕದ ವಾಸ್ತುವಿನ ಲೆಕ್ಕ ಬೇರೆ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ತೆಗೆದು ನೋಡಿ. ಬಿಳಿ ಮಣ್ಣು ಬ್ರಾಹ್ಮಣನಿಗೆ, ಕಪ್ಪು ಮಣ್ಣು ಶೂದ್ರನಿಗೆ. ಬ್ರಾಹ್ಮಣನ ಮನೆಯಗಲ 32 ಮೊಳ. ವರ್ಣ ಇಳಿದಂತೆ ನಾಲ್ಕು ನಾಲ್ಕು ಮೊಳ ಕಡಿತ. ಚಂಡಾಲನ ವಾಸ ಊರ ಹೊರಗೆ ಅಂತ ಮನು ಮೊದಲೇ ಗೆರೆ ಎಳೆದಿದ್ದ. ಗಾಳಿ ನೀರಿಗೆ ಜಾತಿ ಗೊತ್ತಿಲ್ಲ; ಅಳೆಯುವ ಕೋಲಿಗೆ ಗೊತ್ತಿತ್ತು.

ಈ ಭಯ ಆಳುವವರನ್ನೂ ಬಿಟ್ಟಿಲ್ಲ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳಕೊಳ್ಳುತ್ತಾನೆ ಅಂತ ಹೆದರಿ ವರ್ಷಗಟ್ಟಲೆ ಹಲವರು ಇತ್ತ ತಲೆ ಹಾಕಲಿಲ್ಲ. 2013ರಲ್ಲಿ ಬಂದ ಸಿದ್ದರಾಮಯ್ಯ ಐದು ವರ್ಷ ಪೂರ್ತಿ ಆಳಿದರು. 2023ರಲ್ಲಿ, ವಾಸ್ತುವಿನ ಹೆಸರಲ್ಲಿ ಮುಚ್ಚಿದ್ದ ವಿಧಾನಸೌಧದ ತಮ್ಮ ಕೊಠಡಿಯ ಬಾಗಿಲನ್ನೂ ತೆರೆಸಿದರು. ಅಷ್ಟು ವರ್ಷ ಆ ಭಯಕ್ಕೆ ದಂಡ ತೆತ್ತವರು ಯಾರು? ಅಹವಾಲು ಹಿಡಿದು ಕಾದು ಕೂತ ಕಾಡಂಚಿನ ಜನ.

ನಂಬಿದರೆ ಯಾರ ಗಂಟೇನು ಹೋಯ್ತು ಅನ್ನಬಹುದು. ಸಾಹುಕಾರನಿಗೆ ಗೋಡೆ ಒಡೆಸುವುದು ಶೋಕಿ. ಸಾಲ ಮಾಡಿ ಎರಡು ಕೋಣೆ ಎಬ್ಬಿಸಿದವನಿಗೆ ಅದು ಮತ್ತೊಂದು ಸಾಲ. ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ. ಕೆಟ್ಟ ನೀರು ಕುಡಿದು ಮಗು ಮಲಗಿದರೆ ತಪ್ಪು ಬಾಗಿಲಿನದಾಗುತ್ತದೆ. ನೀರು ಕೊಡಬೇಕಾದವರು ಪಾರಾಗುತ್ತಾರೆ.

ಹೆದರಿದವನನ್ನು ನೋಡಿ ನಗಬೇಡಿ. ತಲೆಮಾರುಗಳಿಂದ ನೆಲವಿಲ್ಲದವನಿಗೆ, ಸಿಕ್ಕಿದ್ದೂ ಕೈಜಾರೀತೆಂಬ ಅಂಜಿಕೆ ಸಹಜ. ಆ ಅಂಜಿಕೆಗೆ ಮದ್ದು ಹಕ್ಕುಪತ್ರವೇ ಹೊರತು ನಿಂಬೆಹಣ್ಣಲ್ಲ. ಕಾಡಿನ ಜನಕ್ಕೆ ವಾಸದ ನೆಲದ ಮೇಲೆ ಹಕ್ಕಿದೆಯೆಂದು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿದೆ. ಅದನ್ನು ಕೇಳಿ ಪಡೆಯೋಣ. ಬಾಬಾಸಾಹೇಬರು ಮುಂಬಯಿಯಲ್ಲಿ ರಾಜಗೃಹ ಕಟ್ಟಿಸಿದ್ದು ತಮ್ಮ ಪುಸ್ತಕಗಳಿಗೆ ಜಾಗ ಬೇಕೆಂದು. ನಾವೂ ಕಟ್ಟುವಾಗ ಗಾಳಿಗೆ ಕಿಟಕಿ, ಓದುವ ಮಕ್ಕಳಿಗೊಂದು ಮೂಲೆ ಮೊದಲು ನೋಡೋಣ.

ಬಾಗಿಲು ಎತ್ತಲಾದರೂ ಇರಲಿ. ಒಳಗಿರುವವರನ್ನು ಎಬ್ಬಿಸಿ ಹೊರಹಾಕುವ ಧೈರ್ಯ ಯಾರಿಗೂ ಬಾರದಿದ್ದರೆ, ಆ ಮನೆಯ ವಾಸ್ತು ಸರಿಯಿದೆ.